ಹಾಸಿಗೆಯ ಬಳಿ ಸೋಂಕು ತಡೆ ಮತ್ತು ರೋಗಿಯ ಸುರಕ್ಷತೆ: ಜನರಲ್ ವಾರ್ಡಿನ ಶುಶ್ರೂಷಕರಿಗೆ ಸಮಗ್ರ ಮಾರ್ಗದರ್ಶಿ

ಜನರಲ್ ವಾರ್ಡಿನಲ್ಲಿ ಒಬ್ಬ ರೋಗಿಯಿಂದ ಇನ್ನೊಬ್ಬ ರೋಗಿಗೆ ಸೋಂಕು ದಾಟುವ ದಾರಿಗಳನ್ನು ಹುಡುಕಿಕೊಂಡು ಹೊರಟರೆ ಮೊದಲು ಎದುರಾಗುವುದು ಆರೈಕೆ ಮಾಡುವವರ ಕೈಗಳೇ. ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಇಗ್ನಾಜ್ ಸೆಮ್ಮೆಲ್‌ವೈಸ್ 1847ರಲ್ಲಿ ಕಂಡುಕೊಂಡದ್ದೂ ಇದನ್ನೇ. ಶವಪರೀಕ್ಷೆಯ ಕೋಣೆಯಿಂದ ನೇರವಾಗಿ ಹೆರಿಗೆ ವಾರ್ಡಿಗೆ ಬರುತ್ತಿದ್ದ ವೈದ್ಯರೂ ವಿದ್ಯಾರ್ಥಿಗಳೂ ಕ್ಲೋರಿನ್ ಬೆರೆತ ಸುಣ್ಣದ ದ್ರಾವಣದಲ್ಲಿ ಕೈ ತೊಳೆದೇ ಒಳಗೆ ಬರಬೇಕೆಂದು ಅವರು ಕಟ್ಟುನಿಟ್ಟು ಮಾಡಿದ ಕೆಲವೇ ತಿಂಗಳುಗಳಲ್ಲಿ ಬಾಣಂತಿಯರ ಸಾವು ಗಣನೀಯವಾಗಿ ಇಳಿಯಿತು. ರೋಗಾಣುಗಳ ಬಗ್ಗೆ ಸ್ಪಷ್ಟ ತಿಳಿವಳಿಕೆ ಮೂಡಿರದ ಆ ಕಾಲದಲ್ಲಿ, ಕೆಲಸದ ಕ್ರಮವೊಂದನ್ನು ಬದಲಿಸಿದ್ದರಿಂದಲೇ ಜೀವಗಳು ಉಳಿದವು. ಈ ಮಾರ್ಗದರ್ಶಿಯೂ ಮುಖ್ಯವಾಗಿ ಕೆಲಸದ ಕ್ರಮವನ್ನು ಕುರಿತದ್ದು. ರಾತ್ರಿ ಪಾಳಿಯಲ್ಲಿ ಮೂವತ್ತು ನಲವತ್ತು ಹಾಸಿಗೆಗಳನ್ನು ಒಬ್ಬರೋ ಇಬ್ಬರೋ ನೋಡಿಕೊಳ್ಳಬೇಕಾದಾಗ ನೆನಪನ್ನೂ ಎಚ್ಚರವನ್ನೂ ಮಾತ್ರ ನಂಬಿ ಕೂರುವಂತಿಲ್ಲ. ದಣಿದ ಕೈಯೂ ಸರಿಯಾಗಿಯೇ ಮಾಡುವಂತೆ ಕೆಲಸವನ್ನು ಮೊದಲೇ ಜೋಡಿಸಿಟ್ಟುಕೊಳ್ಳಬೇಕು. ಹೊಸದಾಗಿ ಸೇವೆಗೆ ಸೇರಿದ ಶುಶ್ರೂಷಾಧಿಕಾರಿಗಳನ್ನೂ, ವಾರ್ಡ್ ಪೋಸ್ಟಿಂಗ್‌ನಲ್ಲಿರುವ ನರ್ಸಿಂಗ್ ವಿದ್ಯಾರ್ಥಿಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ.

ಪ್ರತಿ ಹಾಸಿಗೆಗೂ ಒಂದು ಗಡಿ

ರೋಗಿ, ಅವರ ಮಂಚ, ಹೊದಿಕೆ, ಪಕ್ಕದ ಲಾಕರ್, ಡ್ರಿಪ್ ಸ್ಟ್ಯಾಂಡ್, ಯೂರಿನ್ ಬ್ಯಾಗ್ ಇಷ್ಟೂ ಸೇರಿ ಒಂದು ವಲಯವೆಂದು ಮೊದಲು ಮನಸ್ಸಿನಲ್ಲಿ ಗೆರೆ ಎಳೆದುಕೊಳ್ಳಿ. ಗೆರೆಯ ಒಳಗಿನ ಪ್ರತಿ ಮೇಲ್ಮೈಯಲ್ಲೂ ಆ ರೋಗಿಯ ಮೈಮೇಲಿನ ರೋಗಾಣುಗಳು ಇರುತ್ತವೆ. ಹೊರಗಿನದೆಲ್ಲ ಉಳಿದ ವಾರ್ಡು. ಹೊರಗಿನಿಂದ ಬಂದವರು ಕಾಲು ತೊಳೆದು ಮನೆಯ ಹೊಸ್ತಿಲು ದಾಟುವಂತೆ ಇಲ್ಲಿ ಗಡಿ ದಾಟುವಾಗ ಕೈ ಶುದ್ಧವಾಗಬೇಕು, ಒಳಹೋಗುವಾಗಲೂ ಹೊರಬರುವಾಗಲೂ. ವಿಶ್ವ ಆರೋಗ್ಯ ಸಂಸ್ಥೆ 2009ರ ತನ್ನ ಮಾರ್ಗಸೂಚಿಯಲ್ಲಿ ಹೇಳಿದ ಐದು ಸಂದರ್ಭಗಳು ಈ ತಿಳಿವಳಿಕೆಯ ಮೇಲೆಯೇ ನಿಂತಿವೆ: ರೋಗಿಯನ್ನು ಮುಟ್ಟುವ ಮುನ್ನ, ಇಂಜೆಕ್ಷನ್ ಅಥವಾ ಡ್ರೆಸ್ಸಿಂಗ್‌ನಂತಹ ಶುದ್ಧ ಕೆಲಸಕ್ಕೆ ಕೈಹಾಕುವ ಮುನ್ನ, ರಕ್ತ ಅಥವಾ ದೇಹದ್ರವ ತಾಗಿರಬಹುದಾದ ಕೆಲಸದ ನಂತರ, ರೋಗಿಯನ್ನು ಮುಟ್ಟಿದ ನಂತರ ಮತ್ತು ರೋಗಿಯ ಸುತ್ತಲಿನ ವಸ್ತುಗಳನ್ನು ಮುಟ್ಟಿದ ನಂತರ.

ಇವುಗಳಲ್ಲಿ ಎರಡನೆಯದೂ ಐದನೆಯದೂ ಸುಲಭವಾಗಿ ಕೈತಪ್ಪುತ್ತವೆ ಎಂಬುದು ನನ್ನ ಅಭಿಪ್ರಾಯ. ರೋಗಿಯ ಬಳಿ ಬಂದಾಗ ಕೈ ಶುದ್ಧ ಮಾಡಿಕೊಂಡಿರುತ್ತೇವೆ, ಆದರೆ ನಡುವೆ ಹೊದಿಕೆ ಸರಿಪಡಿಸಿ, ಮಂಚದ ಹಿಡಿಯನ್ನು ಎತ್ತಿ, ಅದೇ ಕೈಯಲ್ಲಿ ಕ್ಯಾನುಲಾದ (ಡ್ರಿಪ್ ಮತ್ತು ಔಷಧಕ್ಕಾಗಿ ರಕ್ತನಾಳದಲ್ಲಿ ಇರಿಸುವ ಸಣ್ಣ ಕೊಳವೆಯ) ಮುಚ್ಚಳ ತೆಗೆಯುತ್ತೇವೆ. ಹಾಗೆಯೇ ರೋಗಿಯನ್ನು ಮುಟ್ಟದೆ ಡ್ರಿಪ್ಪಿನ ವೇಗವನ್ನಷ್ಟೇ ಸರಿಮಾಡಿ ಪಕ್ಕದ ಹಾಸಿಗೆಗೆ ಹೋದಾಗ ಕೈ ಶುದ್ಧವಾಗಿಯೇ ಇದೆ ಎಂಬ ಭಾವನೆ ಉಳಿಯುತ್ತದೆ. ಈ ಎರಡು ಜಾಗಗಳಲ್ಲಿ ಒಂದು ಕ್ಷಣ ನಿಲ್ಲುವುದನ್ನು ಅಭ್ಯಾಸ ಮಾಡಿಕೊಳ್ಳಬೇಕು.

ಪಾಳಿ ಶುರುವಾಗುವ ಮುನ್ನವೇ ಉಂಗುರ, ಬಳೆ, ಗಡಿಯಾರ, ಮಣಿಕಟ್ಟಿನ ದಾರ ತೆಗೆದಿಡಿ. ಉಗುರು ಕತ್ತರಿಸಿರಲಿ, ತೋಳು ಮೊಣಕೈವರೆಗೆ ತೆರೆದಿರಲಿ. ದೇವರ ದಾರ ತೆಗೆಯಲು ಮನಸ್ಸು ಒಪ್ಪದಿದ್ದರೆ ಅದನ್ನು ತೋಳಿನ ಮೇಲ್ಭಾಗದಲ್ಲಿ ಕಟ್ಟಿಕೊಳ್ಳಬಹುದು, ಒದ್ದೆಯಾದ ದಾರ ಮಣಿಕಟ್ಟಿನಲ್ಲಿ ಮಾತ್ರ ಉಳಿಯಬಾರದು. ಕೈ ಕಣ್ಣಿಗೆ ಕಾಣುವಂತೆ ಕೊಳೆಯಾಗಿರದಿದ್ದರೆ ಆಲ್ಕೋಹಾಲ್ ಹ್ಯಾಂಡ್‌ರಬ್ ಸಾಕು, ಅದೇ ಬೇಗನೆಯೂ ಆಗುತ್ತದೆ. ಅಂಗೈ ತುಂಬ ತೆಗೆದುಕೊಂಡು ಅಂಗೈ, ಕೈಯ ಹಿಂಭಾಗ, ಬೆರಳ ಸಂದು, ಬೆರಳ ಗೆಣ್ಣು, ಹೆಬ್ಬೆರಳು, ಬೆರಳ ತುದಿ ಎಲ್ಲವನ್ನೂ 20ರಿಂದ 30 ಸೆಕೆಂಡು ಉಜ್ಜಿ ತಾನಾಗಿ ಒಣಗಲು ಬಿಡಬೇಕು. ಕೊಳೆ ಕಾಣುತ್ತಿದ್ದರೆ, ರಕ್ತ ತಾಗಿದ್ದರೆ ಅಥವಾ ಭೇದಿಯಾಗುತ್ತಿರುವ ರೋಗಿಯ ಆರೈಕೆ ಮಾಡಿದ್ದರೆ ಸೋಪು ಮತ್ತು ಹರಿಯುವ ನೀರೇ ಆಗಬೇಕು; ಇಡೀ ಕ್ರಿಯೆಗೆ 40ರಿಂದ 60 ಸೆಕೆಂಡು ಬೇಕು. ಭೇದಿ ತರುವ ಕ್ಲಾಸ್ಟ್ರಿಡಿಯಂ ಡಿಫಿಸಿಲ್‌ನ ಬೀಜಕಗಳನ್ನು ಆಲ್ಕೋಹಾಲ್ ಕೊಲ್ಲಲಾರದು, ನೀರಿನಲ್ಲಿ ಉಜ್ಜಿ ತೊಳೆದೇ ಅವನ್ನು ತೆಗೆಯಬೇಕು. ತೊಳೆದ ಕೈಯನ್ನು ಎಲ್ಲರೂ ಒರೆಸುವ ಒಂದೇ ಟವೆಲ್ಲಿಗೆ ಒರೆಸಿದರೆ ತೊಳೆದದ್ದೆಲ್ಲ ವ್ಯರ್ಥ. ಹ್ಯಾಂಡ್‌ರಬ್ ಬಾಟಲಿಯನ್ನು ವಾರ್ಡಿನ ಬಾಗಿಲಲ್ಲಿ ಒಂದು ಇಟ್ಟು ಸುಮ್ಮನಾಗದೆ ಪ್ರತಿ ಮಂಚಕ್ಕೆ ಅಥವಾ ಕನಿಷ್ಠ ಎರಡು ಮಂಚಗಳಿಗೊಂದರಂತೆ ತೂಗುಹಾಕಿಸಿಕೊಳ್ಳಿ. ನಾಲ್ಕು ಹೆಜ್ಜೆ ನಡೆದು ತರಬೇಕಾದದ್ದನ್ನು ರಾತ್ರಿ ಎರಡು ಗಂಟೆಗೆ ಯಾರೂ ತರುವುದಿಲ್ಲ.

ಗ್ಲೌಸ್ ಕೈ ತೊಳೆಯುವುದಕ್ಕೆ ಬದಲಿಯಲ್ಲ. ಹಾಕುವ ಮುನ್ನವೂ ತೆಗೆದ ನಂತರವೂ ಕೈ ಶುದ್ಧವಾಗಬೇಕು, ಏಕೆಂದರೆ ಕಣ್ಣಿಗೆ ಕಾಣದ ರಂಧ್ರಗಳು ಇರಬಹುದು, ತೆಗೆಯುವಾಗ ಹೊರಮೈ ಚರ್ಮಕ್ಕೆ ತಾಗಬಹುದು. ಒಬ್ಬರೇ ರೋಗಿಯಾದರೂ ಮಲ ಸ್ವಚ್ಛಗೊಳಿಸಿದ ಗ್ಲೌಸಿನಲ್ಲಿ ಗಾಯದ ಡ್ರೆಸ್ಸಿಂಗ್ ಮುಟ್ಟುವಂತಿಲ್ಲ. ಗ್ಲೌಸ್ ಹಾಕಿದ ಕೈಯನ್ನೇ ಹ್ಯಾಂಡ್‌ರಬ್‌ನಲ್ಲಿ ಉಜ್ಜಿಕೊಂಡು ಮುಂದಿನ ಹಾಸಿಗೆಗೆ ಹೋಗುವುದು ಖಂಡಿತ ಸಲ್ಲದು.

ಇಂಜೆಕ್ಷನ್: ಮೇಜಿನಿಂದ ಹಾಸಿಗೆಯವರೆಗೆ

ಔಷಧ ಸಿದ್ಧಪಡಿಸುವ ಮೇಜು ಸಿಂಕಿನ ಪಕ್ಕದಲ್ಲಿರಬಾರದು. ನೀರಿನ ಸಿಡಿತ ಬೀಳುವ ಜಾಗ ಅದು. ಮೇಜಿನ ಮೇಲೆ ಬಳಸಿದ ಸಿರಿಂಜ್, ರಕ್ತದ ಮಾದರಿಯ ಟ್ಯೂಬು, ಊಟದ ಡಬ್ಬಿ ಯಾವುದೂ ಇರಕೂಡದು. ನಿಯಮ ಒಂದೇ: ಒಂದು ಸೂಜಿ, ಒಂದು ಸಿರಿಂಜ್, ಒಬ್ಬ ರೋಗಿ, ಒಂದು ಬಾರಿ. ಸೂಜಿ ಬದಲಿಸಿ ಅದೇ ಸಿರಿಂಜನ್ನು ಇನ್ನೊಬ್ಬರಿಗೆ ಬಳಸಿದರೂ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಹರಡುವ ಅಪಾಯ ಹಾಗೆಯೇ ಉಳಿಯುತ್ತದೆ.

ನಮ್ಮ ವಾರ್ಡುಗಳಲ್ಲಿ ಬಹಳ ಕಾಲದಿಂದ ನಡೆದುಬಂದಿರುವ ಕೆಲವು ರೂಢಿಗಳನ್ನು ಇಲ್ಲಿ ಬಿಡಬೇಕಾಗುತ್ತದೆ. ಪದೇಪದೇ ಔಷಧ ಎಳೆಯಲು ಸುಲಭವೆಂದು ವಯಲಿನ, ಅಂದರೆ ರಬ್ಬರ್ ಮುಚ್ಚಳದ ಔಷಧದ ಸೀಸೆಯ, ರಬ್ಬರಿಗೆ ಸೂಜಿ ಚುಚ್ಚಿಯೇ ಬಿಡುವುದು ಮೊದಲನೆಯದು. ಹಾಗೆ ಬಿಟ್ಟರೆ ವಾರ್ಡಿನ ಗಾಳಿಯಲ್ಲಿರುವುದೆಲ್ಲ ಔಷಧದೊಳಗೆ ಇಳಿಯಲು ದಾರಿಯಾಗುತ್ತದೆ. ಕ್ಯಾನುಲಾ ಫ್ಲಶ್ ಮಾಡಲು (ಸಲೈನ್ ಹಾಯಿಸಿ ತೊಳೆಯಲು) ಮತ್ತು ಪುಡಿ ಔಷಧ ಕರಗಿಸಲು 500 ಮಿ.ಲೀ. ಸಲೈನ್ ಬಾಟಲಿಯೊಂದನ್ನು ತೆರೆದಿಟ್ಟು ದಿನವಿಡೀ ಎಲ್ಲ ರೋಗಿಗಳಿಗೂ ಬಳಸುವುದು ಎರಡನೆಯದು, ಮತ್ತು ಇದು ಅತ್ಯಂತ ಅಪಾಯಕಾರಿ. ಒಮ್ಮೆ ಕಲುಷಿತವಾದ ಸಿರಿಂಜ್ ಆ ಬಾಟಲಿಯೊಳಗೆ ಹೋದರೆ ಅಲ್ಲಿಂದ ಎಳೆದ ಪ್ರತಿಯೊಂದು ಡೋಸೂ ನೇರವಾಗಿ ಯಾರದೋ ರಕ್ತನಾಳ ಸೇರುತ್ತದೆ. ಫ್ಲಶ್‌ಗೆ 10 ಮಿ.ಲೀ.ಯ, ಒಮ್ಮೆ ಮಾತ್ರ ತೆರೆದು ಬಳಸುವ ಪುಟ್ಟ ಆಂಪ್ಯೂಲ್‌ಗಳನ್ನೇ ಬಳಸಿ, ಉಳಿದದ್ದನ್ನು ಚೆಲ್ಲಿ. ಬೆಳಗ್ಗೆಯೇ ಸ್ಪಿರಿಟ್ಟಿನಲ್ಲಿ ನೆನೆಸಿ ಡಬ್ಬಿಯಲ್ಲಿ ತುಂಬಿಟ್ಟ ಹತ್ತಿಯ ಉಂಡೆಗಳು ಮೂರನೆಯದು: ಹತ್ತಾರು ಬಾರಿ ಕೈಹಾಕಿದ ಡಬ್ಬಿಯಲ್ಲಿ ಸ್ಪಿರಿಟ್ ಆರುತ್ತದೆ, ಹತ್ತಿ ಕಲುಷಿತವಾಗುತ್ತದೆ. ಒಣ ಹತ್ತಿಯ ಮೇಲೆ ಬೇಕಾದಾಗಲೇ ಸ್ಪಿರಿಟ್ ಹಾಕಿಕೊಳ್ಳಿ.

ವಯಲಿನ ರಬ್ಬರನ್ನು ಪ್ರತಿ ಬಾರಿಯೂ ಸ್ಪಿರಿಟ್ಟಿನಿಂದ ಒರೆಸಿ ಒಣಗಲು ಬಿಟ್ಟು ಚುಚ್ಚಬೇಕು. ಹಲವು ಡೋಸುಗಳ ವಯಲಿನ ಮೇಲೆ ತೆರೆದ ದಿನಾಂಕ ಬರೆಯಿರಿ. ತಯಾರಕರು ಬೇರೆ ಅವಧಿ ಹೇಳಿರದಿದ್ದರೆ 28 ದಿನಗಳ ನಂತರ ಅದನ್ನು ಬಳಸುವಂತಿಲ್ಲ. ಸಿರಿಂಜಿಗೆ ಔಷಧ ಎಳೆದ ಕೂಡಲೇ ಅದರ ಮೇಲೆ ಔಷಧದ ಹೆಸರು, ಪ್ರಮಾಣ, ರೋಗಿಯ ಹೆಸರು ಬರೆದು ಅಂಟಿಸಬೇಕು. ಎಂಟು ರೋಗಿಗಳ ಸಿರಿಂಜುಗಳನ್ನು ಒಂದೇ ಕಿಡ್ನಿ ಟ್ರೇಯಲ್ಲಿ ಹೊತ್ತು ಸಾಗುವುದರಿಂದ ಉಳಿಯುವ ಸಮಯಕ್ಕಿಂತ ಅದರಿಂದ ಬರುವ ಗಂಡಾಂತರ ದೊಡ್ಡದು.

ಇನ್ನು ಹಾಸಿಗೆಯ ಬಳಿ. ಹಾಸಿಗೆಯ ಸಂಖ್ಯೆ ರೋಗಿಯ ಗುರುತಲ್ಲ. ಫ್ಯಾನಿನ ಕೆಳಗೆ ಅಥವಾ ಕಿಟಕಿಯ ಪಕ್ಕದಲ್ಲಿ ಜಾಗ ಖಾಲಿಯಾದೊಡನೆ ರೋಗಿಗಳು ತಾವಾಗಿಯೇ ಮಂಚ ಬದಲಿಸಿಕೊಳ್ಳುವುದು ಎಲ್ಲ ಕಡೆಯೂ ಇದೆ, ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ, ಮೂವರು ಮಂಜುನಾಥ ಇರುವುದೂ ಇದೆ. ಆದ್ದರಿಂದ ಹೆಸರು ಮತ್ತು ಒಳರೋಗಿ ಸಂಖ್ಯೆ, ಈ ಎರಡನ್ನೂ ಕೇಸ್ ಶೀಟಿನೊಂದಿಗೆ ತಾಳೆ ನೋಡಬೇಕು. “ಲಕ್ಷ್ಮಮ್ಮ ನೀವೇ ಅಲ್ವಾ?” ಎಂದು ಕೇಳಿದರೆ ಕಿವಿ ಮಂದವಾದ ಅಜ್ಜಿ ಯಾವ ಹೆಸರಿಗಾದರೂ ಹ್ಞೂಂ ಎನ್ನುತ್ತಾರೆ, “ಅಜ್ಜಿ, ನಿಮ್ಮ ಪೂರ್ತಿ ಹೆಸರು ಹೇಳಿ, ಯಾವ ಊರು?” ಎಂದು ಅವರ ಬಾಯಿಂದಲೇ ಹೇಳಿಸಬೇಕು. ಹಿಂದೆ ಯಾವುದಾದರೂ ಔಷಧದಿಂದ ಮೈಮೇಲೆ ಗಂಧೆ ಎದ್ದಿತ್ತೇ, ಉಸಿರು ಕಟ್ಟಿತ್ತೇ ಎಂದು ಕೇಳಿ ಉತ್ತರವನ್ನು ಕೇಸ್ ಶೀಟಿನ ಮೊದಲ ಪುಟದಲ್ಲಿ ಕೆಂಪು ಶಾಯಿಯಲ್ಲಿ ಬರೆಯಿರಿ.

ಎರಡು ಔಷಧಗಳಿಗೆ ಪ್ರತ್ಯೇಕ ಎಚ್ಚರ ಬೇಕು. ನಮ್ಮ ದೇಶದಲ್ಲಿ ಇನ್ಸುಲಿನ್ ವಯಲ್‌ಗಳು ಮಿಲಿಲೀಟರಿಗೆ 40 ಯೂನಿಟ್ ಮತ್ತು 100 ಯೂನಿಟ್ ಎಂಬ ಎರಡು ಸಾಂದ್ರತೆಗಳಲ್ಲಿ ಸಿಗುತ್ತವೆ. 40ಕ್ಕೆ ಕೆಂಪು ಮುಚ್ಚಳದ ಸಿರಿಂಜ್, 100ಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಇನ್ಸುಲಿನ್ನನ್ನು 40ರ ಸಿರಿಂಜಿನಲ್ಲಿ ಎಳೆದರೆ ರೋಗಿಗೆ ಬರೆದದ್ದರ ಎರಡೂವರೆ ಪಟ್ಟು ಹೋಗುತ್ತದೆ, ಸಕ್ಕರೆ ಪ್ರಮಾಣ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು. ವಯಲಿನ ಮೇಲಿನ ಸಂಖ್ಯೆಯನ್ನೂ ಸಿರಿಂಜಿನ ಮೇಲಿನ ಸಂಖ್ಯೆಯನ್ನೂ ಜೋರಾಗಿ ಓದಿ, ಇನ್ನೊಬ್ಬ ಸಿಸ್ಟರ್‌ಗೆ ತೋರಿಸಿ, ಆಮೇಲೆ ಕೊಡಿ. ಪೊಟ್ಯಾಸಿಯಂ ಕ್ಲೋರೈಡ್ ಆಂಪ್ಯೂಲನ್ನು ಸಲೈನ್ ಮತ್ತು ಡಿಸ್ಟಿಲ್ಡ್ ವಾಟರ್ ಆಂಪ್ಯೂಲ್‌ಗಳ ಪಕ್ಕದಲ್ಲಿ ಎಂದಿಗೂ ಇಡಬಾರದು, ಏಕೆಂದರೆ ನೋಡಲು ಹೆಚ್ಚು ವ್ಯತ್ಯಾಸವಿಲ್ಲ. ಅದನ್ನು ನೇರವಾಗಿ ರಕ್ತನಾಳಕ್ಕೆ ತಳ್ಳಿದರೆ ಹೃದಯ ನಿಲ್ಲುತ್ತದೆ. ಬಾಟಲಿಗೆ ಸೇರಿಸಿದ ಮೇಲೂ ಹಲವು ಬಾರಿ ಮೇಲೆ ಕೆಳಗೆ ಮಾಡಿ ಚೆನ್ನಾಗಿ ಬೆರೆಸಬೇಕು, ಇಲ್ಲವಾದರೆ ತಳದಲ್ಲಿ ನಿಂತ ಗಟ್ಟಿ ದ್ರಾವಣವೇ ಮೊದಲು ಒಳಹೋಗುತ್ತದೆ. ಡ್ಯೂಟಿ ಡಾಕ್ಟರ್ ಫೋನಿನಲ್ಲಿ ಆರ್ಡರ್ ಹೇಳಿದರೆ ಬರೆದುಕೊಂಡು, ಬರೆದದ್ದನ್ನು ಅವರಿಗೇ ಓದಿ ಹೇಳಿ, ಅವರು ಹೌದೆಂದ ಮೇಲೆ ಮಾತ್ರ ಕೊಡಬೇಕು.

ಕ್ಯಾನುಲಾ ಮತ್ತು ಡ್ರಿಪ್

ಕ್ಯಾನುಲಾ ಎಂದರೆ ಚರ್ಮದ ರಕ್ಷಣೆಯನ್ನು ಮುರಿದು ರಕ್ತಕ್ಕೆ ತೆರೆದ ಬಾಗಿಲು. ಬೇಕಾದ ಸಾಮಗ್ರಿಯನ್ನೆಲ್ಲ ಮೊದಲು ಜೋಡಿಸಿಟ್ಟುಕೊಂಡು ಕೈ ಶುದ್ಧ ಮಾಡಿಕೊಳ್ಳಿ. ಸಾಧ್ಯವಾದಷ್ಟೂ ಮುಂಗೈಯ ನೇರ ರಕ್ತನಾಳವನ್ನೇ ಆರಿಸಿ, ಕೀಲುಗಳನ್ನು ಬಿಡಿ. ಆಲ್ಕೋಹಾಲಿನಲ್ಲಿರುವ 2 ಶೇಕಡಾ ರೋಗಾಣುನಾಶಕ ಕ್ಲೋರ್‌ಹೆಕ್ಸಿಡಿನ್‌ನಿಂದ, ಅದಿಲ್ಲದಿದ್ದರೆ 70 ಶೇಕಡಾ ಆಲ್ಕೋಹಾಲಿನಿಂದ, 30 ಸೆಕೆಂಡು ಉಜ್ಜಿ ಪೂರ್ತಿ ಒಣಗಲು ಬಿಡಬೇಕು. ಊದಿ ಒಣಗಿಸಬಾರದು, ಒಣಗಿದ ಮೇಲೆ ನಾಳ ಎಲ್ಲಿದೆ ಎಂದು ಮತ್ತೆ ಬೆರಳಿಟ್ಟು ನೋಡಬಾರದು. ಎರಡು ಪ್ರಯತ್ನದಲ್ಲಿ ಸಿಗದಿದ್ದರೆ ಹೆಚ್ಚು ಅನುಭವವಿರುವವರನ್ನು ಕರೆಯಿರಿ. ಚುಚ್ಚಿದ ಜಾಗದ ಮೇಲೆ ಸ್ಟೆರೈಲ್ (ರೋಗಾಣುರಹಿತ) ಪಾರದರ್ಶಕ ಡ್ರೆಸ್ಸಿಂಗ್ ಬರಬೇಕು. ಅದು ಸರಬರಾಜಾಗದ ಕಡೆ ಸ್ಟೆರೈಲ್ ಗಾಜ್ ಇಟ್ಟು ಅದರ ಮೇಲೆ ಪ್ಲಾಸ್ಟರ್ ಹಾಕಿ. ಮಂಚದ ಕಂಬಿಗೆ ಮೊದಲೇ ಕತ್ತರಿಸಿ ಅಂಟಿಸಿಟ್ಟ ಪ್ಲಾಸ್ಟರ್ ಚೂರುಗಳನ್ನು ನೇರವಾಗಿ ಗಾಯಕ್ಕೆ ಹಚ್ಚಬಾರದು. ಹಾಕಿದ ದಿನಾಂಕವನ್ನೂ ಸಮಯವನ್ನೂ ಡ್ರೆಸ್ಸಿಂಗ್ ಮೇಲೆಯೇ ಬರೆಯಿರಿ.

ಪ್ರತಿ ಸಲ ಔಷಧ ಕೊಡುವ ಮುನ್ನ ಕ್ಯಾನುಲಾದ ಬಾಯಿಯನ್ನು ಸ್ಪಿರಿಟ್ ಹತ್ತಿಯಿಂದ 15 ಸೆಕೆಂಡು ತಿಕ್ಕಬೇಕು, ಒಣಗಬೇಕು. ತೆಗೆದ ಮುಚ್ಚಳವನ್ನು ಹೊದಿಕೆಯ ಮೇಲೆ ಇಟ್ಟು ಮತ್ತೆ ಅದನ್ನೇ ಹಾಕುವುದಕ್ಕಿಂತ ಹೊಸ ಸ್ಟೆರೈಲ್ ಮುಚ್ಚಳ ಹಾಕಿ. ಪ್ಲಾಸ್ಟಿಕ್ ಸಲೈನ್ ಬಾಟಲಿಯಿಂದ ದ್ರವ ಇಳಿಯುತ್ತಿಲ್ಲವೆಂದು ಬಾಟಲಿಗೆ ಸೂಜಿ ಚುಚ್ಚಿ ಗಾಳಿ ಬಿಡುವ ರೂಢಿಯನ್ನೂ ನಿಲ್ಲಿಸಬೇಕು. ಶೋಧಕವಿರುವ ಗಾಳಿದ್ವಾರದ ಡ್ರಿಪ್ ಸೆಟ್‌ಗಳು ಸಿಗುತ್ತವೆ, ತಾನಾಗಿ ಕುಗ್ಗುವ ಚೀಲಗಳೂ ಸಿಗುತ್ತವೆ. ಇವುಗಳಿಗೆ ಬೇಡಿಕೆ ಪಟ್ಟಿಯಲ್ಲಿ ಬರೆದು ಕೇಳುವುದು ವಾರ್ಡಿನ ಸಿಸ್ಟರ್‌ಗಳ ಹಕ್ಕು.

ಪ್ರತಿ ಪಾಳಿಯಲ್ಲಿ ಕನಿಷ್ಠ ಒಮ್ಮೆ ಚುಚ್ಚಿದ ಜಾಗವನ್ನು ಕಣ್ಣಿಂದ ನೋಡಿ, ಮೆಲ್ಲಗೆ ಮುಟ್ಟಿ ನೋವಿದೆಯೇ ಎಂದು ಕೇಳಬೇಕು. ನಾಳದ ಉರಿಯೂತವನ್ನು 0ಯಿಂದ 5ರವರೆಗಿನ ಅಂಕಗಳಲ್ಲಿ ಅಳೆಯುವ ಪದ್ಧತಿಯಿದೆ. ನೋವು, ಕೆಂಪು, ಊತಗಳಲ್ಲಿ ಯಾವುವಾದರೂ ಎರಡು ಕಂಡರೆ, ಅಂದರೆ ಅಂಕ 2 ಮುಟ್ಟಿದರೆ, ಕ್ಯಾನುಲಾ ತೆಗೆದು ಬೇರೆ ಕಡೆ ಹಾಕಬೇಕು, ನಾಳೆಗೆ ಬಿಡುವಂತಿಲ್ಲ. ಅಪಘಾತದಂತಹ ತುರ್ತಿನಲ್ಲಿ ಶುದ್ಧತೆ ಪೂರ್ತಿ ಪಾಲಿಸಲಾಗದೆ ಹಾಕಿದ್ದನ್ನು 48 ಗಂಟೆಗಳೊಳಗೆ ಬದಲಿಸಿ. ರಕ್ತ ಕೊಟ್ಟ ಸೆಟ್ಟನ್ನು ಅದು ಮುಗಿದ ಕೂಡಲೇ ತೆಗೆಯಬೇಕು. ಒಂದು ಯೂನಿಟ್ ರಕ್ತ ಶುರುವಾದ 4 ಗಂಟೆಗಳೊಳಗೆ ಮುಗಿಯಬೇಕು, ಮೊದಲ 15 ನಿಮಿಷ ಸಿಸ್ಟರ್ ಹಾಸಿಗೆಯ ಪಕ್ಕದಲ್ಲಿಯೇ ಇರಬೇಕು. ಇವೆಲ್ಲಕ್ಕಿಂತ ಒಳ್ಳೆಯ ರಕ್ಷಣೆಯೆಂದರೆ ಬೆಳಗಿನ ರೌಂಡ್ಸ್‌ನಲ್ಲಿ ಕೇಳುವ ಒಂದು ಪ್ರಶ್ನೆ: ಬಾಯಿಂದ ಊಟ, ಮಾತ್ರೆ ತೆಗೆದುಕೊಳ್ಳುತ್ತಿರುವ ಇವರಿಗೆ ಕ್ಯಾನುಲಾ ಇನ್ನೂ ಬೇಕೇ?

ಕ್ಯಾಥೆಟರ್, ಟ್ಯೂಬ್, ಆಮ್ಲಜನಕ

ಮೂತ್ರಕೋಶಕ್ಕೆ ಇಳಿಸುವ ಕೊಳವೆಯಾದ ಮೂತ್ರದ ಕ್ಯಾಥೆಟರ್‌ಗೂ ಅದೇ ಪ್ರಶ್ನೆ ಅನ್ವಯಿಸುತ್ತದೆ. ಪದೇಪದೇ ಬಟ್ಟೆ ಬದಲಿಸುವ ಶ್ರಮ ತಪ್ಪಲೆಂದು ಕ್ಯಾಥೆಟರ್ ಹಾಕಿಸುವುದು ಅಥವಾ ಉಳಿಸಿಕೊಳ್ಳುವುದು ರೋಗಿಗೆ ಅನ್ಯಾಯ. ಹಾಕಲೇಬೇಕಾದಾಗ ಸ್ಟೆರೈಲ್ ವಿಧಾನದಲ್ಲಿ ಹಾಕಿ, ಎಳೆದಾಡದಂತೆ ತೊಡೆಗೆ ಅಂಟಿಸಿ. ಕ್ಯಾಥೆಟರ್ ಮತ್ತು ಬ್ಯಾಗಿನ ಜೋಡಣೆಯನ್ನು ಬಿಚ್ಚಬಾರದು. ಬ್ಯಾಗು ಸದಾ ಮೂತ್ರಕೋಶಕ್ಕಿಂತ ಕೆಳಗೆ, ನೆಲಕ್ಕೆ ತಾಗದಂತೆ ಮಂಚದ ಚೌಕಟ್ಟಿಗೆ ತೂಗಬೇಕು. ಸ್ಕ್ಯಾನಿಂಗ್‌ಗೆ ಕರೆದೊಯ್ಯುವಾಗ ಬ್ಯಾಗನ್ನು ರೋಗಿಯ ಹೊಟ್ಟೆಯ ಮೇಲೆ ಇಡುವುದನ್ನು ವಾರ್ಡ್ ಬಾಯ್‌ಗಳಿಗೂ ತಿಳಿಹೇಳಿ ನಿಲ್ಲಿಸಬೇಕು, ಏಕೆಂದರೆ ನಿಂತ ಮೂತ್ರ ಹಿಂದಕ್ಕೆ ಹರಿಯುತ್ತದೆ. ಒಂದೇ ಜಗ್ಗಿನಲ್ಲಿ ಹತ್ತು ರೋಗಿಗಳ ಬ್ಯಾಗ್ ಖಾಲಿ ಮಾಡಬಾರದು. ಪರೀಕ್ಷೆಗೆ ಮೂತ್ರವನ್ನು ಬ್ಯಾಗಿನಿಂದ ಹಿಡಿಯಬಾರದು.

ಮೂಗಿನಿಂದ ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬಿನಲ್ಲಿ ಆಹಾರ ಕೊಡುವಾಗ ಮಂಚದ ತಲೆಯ ಭಾಗ 30ರಿಂದ 45 ಡಿಗ್ರಿ ಎತ್ತರದಲ್ಲಿರಲಿ, ನಂತರವೂ ಅರ್ಧ ಗಂಟೆಯಿಂದ ಒಂದು ಗಂಟೆ ಹಾಗೆಯೇ ಇರಲಿ. ಕೊಡುವ ಮುನ್ನ ಪ್ರತಿ ಬಾರಿಯೂ ಮೂಗಿನ ಬಳಿಯ ಗುರುತು ಸರಿದಿಲ್ಲವೆಂದು ನೋಡಿ, ಹೊಟ್ಟೆಯ ದ್ರವ ಎಳೆದು ಆಮ್ಲೀಯತೆ ಪರೀಕ್ಷಿಸಿ. ಗಾಳಿ ತಳ್ಳಿ ಸ್ಟೆತೊಸ್ಕೋಪಿನಲ್ಲಿ ಸದ್ದು ಕೇಳುವ ಹಳೆಯ ವಿಧಾನ ನಂಬಲರ್ಹವಲ್ಲ, ಟ್ಯೂಬು ಶ್ವಾಸನಾಳದಲ್ಲಿದ್ದಾಗಲೂ ಆ ಸದ್ದು ಕೇಳಿಸಬಹುದು. ಆಮ್ಲಜನಕಕ್ಕೆ ತೇವ ಬೆರೆಸುವ ಹ್ಯುಮಿಡಿಫೈಯರ್ ಬಾಟಲಿಗೆ ನಲ್ಲಿ ನೀರು ಹಾಕಬಾರದು, ಅದರಲ್ಲಿ ಸ್ಯೂಡೊಮೊನಾಸ್‌ನಂತಹ ಬ್ಯಾಕ್ಟೀರಿಯಾ ಬೆಳೆದು ನೇರವಾಗಿ ಶ್ವಾಸಕೋಶ ಸೇರುತ್ತವೆ. ಸ್ಟೆರೈಲ್ ನೀರು ತುಂಬಿ, ದಿನವೂ ಚೆಲ್ಲಿ ತೊಳೆದು ಒಣಗಿಸಿ. ಔಷಧವನ್ನು ಮಂಜಾಗಿ ಉಸಿರಾಡಿಸುವ ನೆಬ್ಯುಲೈಜರ್ ಮಾಸ್ಕ್ ಒಬ್ಬರದು ಇನ್ನೊಬ್ಬರಿಗೆ ಬೇಡ.

ಮಗ್ಗುಲು ಮತ್ತು ಬೀಳುವಿಕೆ

ತಾವಾಗಿ ಹೊರಳಲಾಗದವರನ್ನು ಸಾಮಾನ್ಯವಾಗಿ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, 30 ಡಿಗ್ರಿ ಓರೆಯಲ್ಲಿ ದಿಂಬಿಟ್ಟು ಮಲಗಿಸಿ. ಎಳೆದು ಸರಿಸದೆ ಇಬ್ಬರು ಸೇರಿ ಎತ್ತಬೇಕು. ಬೆನ್ನಿನ ಕೆಳಭಾಗ, ಹಿಮ್ಮಡಿ, ಸೊಂಟದ ಮೂಳೆಯ ಮೇಲೆ ಕೆಂಪಾದ ಜಾಗವನ್ನು ಬೆರಳಿಂದ ಒತ್ತಿ ನೋಡಿ. ಒತ್ತಿದಾಗಲೂ ಬಿಳಿಚದಿದ್ದರೆ ಹಾಸಿಗೆ ಹುಣ್ಣು ಶುರುವಾಗಿದೆ ಎಂದರ್ಥ. ಕಪ್ಪು ಚರ್ಮದಲ್ಲಿ ಈ ಬಣ್ಣ ತಿಳಿಯುವುದು ಕಷ್ಟವಾದ್ದರಿಂದ ಬಿಸಿಯನ್ನೂ ಗಡಸುತನವನ್ನೂ ಮುಟ್ಟಿ ನೋಡಬೇಕು. ಆ ಜಾಗವನ್ನು ಉಜ್ಜಿ ಮಸಾಜ್ ಮಾಡಬಾರದು.

ರೋಗಿ ಬೀಳುವುದು ಹೆಚ್ಚಾಗಿ ಶೌಚಾಲಯಕ್ಕೆ ಹೋಗುವ ದಾರಿಯಲ್ಲಿ. ಸಂಜೆಯೇ ಮಂಚದ ಬ್ರೇಕ್ ಪರೀಕ್ಷಿಸಿ, ಮಂಚ ತಗ್ಗಿಸಿ, ನೀರು, ಕನ್ನಡಕ, ಊರುಗೋಲು ಕೈಗೆಟುಕುವಂತೆ ಇಡಿ. ವಯಸ್ಸಾದವರಿಗೂ ನಿದ್ರೆಮಾತ್ರೆ ತೆಗೆದುಕೊಂಡವರಿಗೂ ಮಲಗುವ ಮುನ್ನ ಒಮ್ಮೆ ಮೂತ್ರಕ್ಕೆ ಕರೆದೊಯ್ಯುವುದು ಬಹಳಷ್ಟು ಅನಾಹುತಗಳನ್ನು ತಡೆಯುತ್ತದೆ.

ಕೆಮ್ಮುವ ರೋಗಿ, ಜೊತೆಗಿರುವವರು

ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿರುವವರನ್ನು ಕ್ಷಯವಿಲ್ಲವೆಂದು ಖಚಿತವಾಗುವವರೆಗೆ ಕಿಟಕಿಯ ಪಕ್ಕದ, ಉಳಿದವರಿಂದ ದೂರದ ಹಾಸಿಗೆಯಲ್ಲಿರಿಸಿ. ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೊರಹೋಗುವಂತೆ ಎದುರುಬದುರಿನ ಕಿಟಕಿಗಳು ತೆರೆದಿರಬೇಕು. ರೋಗಿಗೆ ಸರ್ಜಿಕಲ್ ಮಾಸ್ಕ್, ಆರೈಕೆ ಮಾಡುವವರಿಗೆ ಮುಖಕ್ಕೆ ಬಿಗಿಯಾಗಿ ಕೂರುವ ಎನ್95. ಮಂಚಗಳ ನಡುವೆ ಕನಿಷ್ಠ 1 ಮೀಟರ್ ಅಂತರವಿರಲಿ. ಹಾಸಿಗೆ ಸಾಲದೆ ನೆಲದ ಮೇಲೆ ರೋಗಿಗಳನ್ನು ಮಲಗಿಸಿದಾಗಲೂ ಈ ಅಂತರವನ್ನು ಮರೆಯಬಾರದು.

ನಮ್ಮಲ್ಲಿ ಅರ್ಧ ಆರೈಕೆ ರೋಗಿಯ ಕಡೆಯವರ ಕೈಯಲ್ಲೇ ನಡೆಯುತ್ತದೆ. ಅವರನ್ನು ಗದರಿಸಿ ಹೊರಗಟ್ಟುವುದಕ್ಕಿಂತ ಭರ್ತಿಯಾದ ದಿನವೇ ಹ್ಯಾಂಡ್‌ರಬ್ ಬಳಸುವುದನ್ನು ಮಾಡಿ ತೋರಿಸಿ, ಪಕ್ಕದ ರೋಗಿಗೆ ಕರುಣೆಯಿಂದ ಸಹಾಯ ಮಾಡಿದ ಮೇಲೂ ಕೈ ಶುದ್ಧ ಮಾಡಿಕೊಳ್ಳುವಂತೆ ಹೇಳಿ, ಡ್ರಿಪ್ ನಿಂತರೆ ತಾವೇ ತಿರುಗಿಸದೆ ಕರೆಯುವಂತೆ ತಿಳಿಸಿ.

ತ್ಯಾಜ್ಯ ಮತ್ತು ಸೂಜಿ ಗಾಯ

2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ರಕ್ತ ತಾಗಿದ ಹತ್ತಿ, ಡ್ರೆಸ್ಸಿಂಗ್ ಹಳದಿ ಚೀಲಕ್ಕೆ; ಡ್ರಿಪ್ ಸೆಟ್, ಕ್ಯಾಥೆಟರ್, ಯೂರಿನ್ ಬ್ಯಾಗ್, ಗ್ಲೌಸ್, ಸೂಜಿ ತೆಗೆದ ಸಿರಿಂಜ್ ಕೆಂಪಿಗೆ; ಸೂಜಿ, ಬ್ಲೇಡ್ ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ; ಗಾಜಿನ ವಯಲ್, ಆಂಪ್ಯೂಲ್ ನೀಲಿಗೆ ಹೋಗಬೇಕು. ಸೂಜಿಗೆ ಮುಚ್ಚಳವನ್ನು ಮತ್ತೆ ಹಾಕಬೇಡಿ. ಬಳಸಿದವರೇ, ಬಳಸಿದ ಜಾಗದಲ್ಲೇ, ಕೂಡಲೇ ವಿಲೇವಾರಿ ಮಾಡಬೇಕು. ಬಿಳಿ ಡಬ್ಬಿ ಮುಕ್ಕಾಲು ತುಂಬಿದಾಗಲೇ ಬದಲಿಸಿ. ಹೊದಿಕೆಯಲ್ಲಿ ಉಳಿದ ಒಂದು ಸೂಜಿ ಮರುದಿನ ಬಟ್ಟೆ ಒಗೆಯುವವರ ಕೈಗೆ ಚುಚ್ಚುತ್ತದೆ.

ನೆಲದ ಮೇಲೆ ರಕ್ತ ಚೆಲ್ಲಿದರೆ ಗ್ಲೌಸ್ ಹಾಕಿ, ಹೀರುವ ಬಟ್ಟೆ ಹಾಸಿ, 1 ಶೇಕಡಾ ಹೈಪೋಕ್ಲೋರೈಟ್ (ಬ್ಲೀಚ್) ದ್ರಾವಣ ಸುರಿದು ಕನಿಷ್ಠ 10 ನಿಮಿಷ ಬಿಟ್ಟು ತೆಗೆಯಬೇಕು. 5 ಶೇಕಡಾ ದ್ರಾವಣದ ಒಂದು ಪಾಲಿಗೆ ನಾಲ್ಕು ಪಾಲು ನೀರು ಬೆರೆಸಿದರೆ ಇದು ಸಿಗುತ್ತದೆ. ದಿನವೂ ಹೊಸದಾಗಿ ತಯಾರಿಸಿ, ಆಸಿಡ್ ಜೊತೆ ಎಂದಿಗೂ ಬೆರೆಸಬೇಡಿ.

ಬಳಸಿದ ಸೂಜಿ ಚುಚ್ಚಿದರೆ ಗಾಯವನ್ನು ಹಿಂಡಬೇಡಿ, ಬಾಯಿಗೆ ಇಡಬೇಡಿ, ಸ್ಪಿರಿಟ್ ಸುರಿಯಬೇಡಿ. ಸೋಪು ಮತ್ತು ಹರಿಯುವ ನೀರಿನಲ್ಲಿ ತೊಳೆದು ತಕ್ಷಣ ಡ್ಯೂಟಿ ಡಾಕ್ಟರ್‌ಗೆ ತಿಳಿಸಿ. ಎಚ್‌ಐವಿ ತಡೆ ಔಷಧದ ಮೊದಲ ಡೋಸ್ 2 ಗಂಟೆಗಳೊಳಗೆ ಸಿಕ್ಕರೆ ಅತ್ಯುತ್ತಮ, 72 ಗಂಟೆ ಮೀರಬಾರದು. ಶುರುಮಾಡಿದರೆ 28 ದಿನ ಪೂರ್ತಿ ತೆಗೆದುಕೊಳ್ಳಬೇಕು. ಸೂಜಿ ಗಾಯದಿಂದ ಹರಡುವ ಸಾಧ್ಯತೆ ಎಚ್‌ಐವಿಗಿಂತ ಹೆಪಟೈಟಿಸ್ ಬಿಗೆ ಬಹಳ ಹೆಚ್ಚು, ಆದರೆ ಅದಕ್ಕೆ ಲಸಿಕೆಯಿದೆ: 0, 1 ಮತ್ತು 6ನೇ ತಿಂಗಳಲ್ಲಿ ಮೂರು ಡೋಸ್, ಆಮೇಲೆ ಒಂದೆರಡು ತಿಂಗಳಲ್ಲಿ ರಕ್ಷಣೆಯ ಮಟ್ಟದ ರಕ್ತಪರೀಕ್ಷೆ. ವಿದ್ಯಾರ್ಥಿಗಳು ವಾರ್ಡಿಗೆ ಕಾಲಿಡುವ ಮುನ್ನವೇ ಇದು ಆಗಿರಬೇಕು. ಗಾಯವನ್ನು ವರದಿ ಮಾಡಿದವರನ್ನು ಬೈಯುವ ವಾರ್ಡಿನಲ್ಲಿ ಮುಂದಿನವರು ಮುಚ್ಚಿಡುತ್ತಾರೆ, ಆ ಎರಡು ಗಂಟೆಗಳು ಕಳೆದುಹೋಗುತ್ತವೆ.

ಪಾಳಿ ಒಪ್ಪಿಸುವುದು

ಡ್ಯೂಟಿ ಮೇಜಿನ ಬಳಿ ನಿಂತು ರಿಜಿಸ್ಟರ್ ಓದುವುದು ಸಾಲದು. ಪಾಳಿ ಬಿಡುವವರೂ ಬರುವವರೂ ಕೂಡಿ ಪ್ರತಿ ಹಾಸಿಗೆಯ ಬಳಿ ನಿಲ್ಲಬೇಕು. ಈಗ ಏನಾಗಿದೆ, ಹಿನ್ನೆಲೆಯೇನು, ನಾನು ಕಂಡದ್ದೇನು, ಮುಂದೆ ಏನು ಮಾಡಬೇಕು, ಈ ನಾಲ್ಕನ್ನು ಇದೇ ಕ್ರಮದಲ್ಲಿ ಹೇಳಿದರೆ ಮುಖ್ಯವಾದದ್ದು ಬಿಟ್ಟುಹೋಗುವುದಿಲ್ಲ. ಹೇಳುತ್ತಿರುವಾಗಲೇ ಇಬ್ಬರೂ ಕ್ಯಾನುಲಾದ ದಿನಾಂಕ ಓದಿ, ಡ್ರಿಪ್ಪಿನಲ್ಲಿ ಬೆರೆಸಿರುವ ಔಷಧದ ಲೇಬಲ್ ನೋಡಿ, ಯೂರಿನ್ ಬ್ಯಾಗಿನ ಮಟ್ಟ ಗಮನಿಸಿ, ಮಲಗಿದಲ್ಲೇ ಇರುವವರ ಬೆನ್ನನ್ನು ತಿರುಗಿಸಿ ಪರೀಕ್ಷಿಸಬೇಕು. ಕೊಡಲಾಗದೆ ಉಳಿದ ಡೋಸ್ ಇದ್ದರೆ ಯಾವುದು, ಏಕೆ ಉಳಿಯಿತು ಎಂಬುದನ್ನು ಬಾಯಲ್ಲಿ ಹೇಳಿ ಕೇಸ್ ಶೀಟಿನಲ್ಲಿ ಬರೆದು ಸಹಿ ಹಾಕಿದ ಮೇಲೆಯೇ ಮುಂದಿನ ಹಾಸಿಗೆಗೆ ಹೋಗಿ.